ಸಣ್ಣೀರಿ ಮತ್ತು ಕಣ್ಣೀರಿ

ಹತ್ತಿರ ಬಂದು ಕೂತುಕೊಳ್ಳಿ ಮಕ್ಕಳೇ. ಕಾಲು ಮಡಚಿಕೊಳ್ಳಿ, ಹಿಂದಿನವರಿಗೂ ಜಾಗ ಬೇಕು. ಇದು ಬಹಳ ಹಿಂದಿನ ಮಾತು. ಗುಡ್ಡಕ್ಕೊಂದು ಕೋಟೆ, ಕೋಟೆಗೊಬ್ಬ ಪಾಳೆಯಗಾರ ಇದ್ದ ಕಾಲ.

ಕಾರೆದುರ್ಗ ಅಂತ ಒಂದು ಸೀಮೆ ಇತ್ತು. ನಡುವೆ ಬಂಡೆಗುಡ್ಡ. ಗುಡ್ಡದ ಮೇಲೆ ಕೋಟೆ. ಕೋಟೆಯ ಸುತ್ತ ಕಣ್ಣು ಹಾಯುವ ತನಕ ಹುಲ್ಲುಬಯಲು. ಆ ಸೀಮೆಯನ್ನು ಕೆಂಚಣ್ಣನಾಯಕ ಅನ್ನುವ ದೊರೆ ಆಳುತ್ತಿದ್ದ. ಮನುಷ್ಯ ಒಳ್ಳೆಯವನೇ. ಆದರೆ ಒಂದು ಕೊರತೆ ಇತ್ತು. ಪಕ್ಕದಲ್ಲಿ ನಿಂತವನು ಏನು ಹೇಳಿದರೂ ನಂಬಿಬಿಡುತ್ತಿದ್ದ. ಎರಡು ಹೆಜ್ಜೆ ಆಚೆ ಹೋಗಿ ನೋಡುತ್ತಿರಲಿಲ್ಲ.

ಆ ಕೋಟೆಯೊಳಗೆ ಒಬ್ಬ ಹುಡುಗಿ ಇದ್ದಳು. ಅವಳಿಗೆ ಅಜ್ಜಿಯ ಹೆಸರನ್ನೇ ಇಟ್ಟಿದ್ದರು. ಹಾಗಾಗಿ ಅಜ್ಜಿ ದೊಡ್ಡೀರವ್ವ, ಮೊಮ್ಮಗಳು ಸಣ್ಣೀರವ್ವ. ಕರೆಯುವಾಗ ಸಣ್ಣೀರಿ. ಅವಳ ಅಪ್ಪ ಅವ್ವ ದೊರೆಯ ದನ ಹೊಡೆದುಕೊಂಡು ದೂರದ ಹುಲ್ಲುಗಾವಲಿಗೆ ಹೋದರೆ ಬರುವುದು ಮಳೆಗಾಲ ಕಳೆದ ಮೇಲೆಯೇ. ಅಲ್ಲಿಯ ತನಕ ಮೊಮ್ಮಗಳಿಗೆ ಅಜ್ಜಿ, ಅಜ್ಜಿಗೆ ಮೊಮ್ಮಗಳು. ಅಜ್ಜಿ ಕುದುರೆ ಲಾಯಕ್ಕೆ ನೀರು ಹೊರುತ್ತಿದ್ದಳು. ಮಂಡಿ ನೋಯುತ್ತಿತ್ತು, ಆದರೂ ಹೊರುತ್ತಿದ್ದಳು.

ಸಣ್ಣೀರಿಗೆ ಮುಂದಿನ ಹಲ್ಲು ಬಿದ್ದು ಇನ್ನೂ ಬಂದಿರಲಿಲ್ಲ. ಆದರೂ ಅವಳ ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಏಳುತ್ತಲೇ ಮಾತು. ಮುಖ ತೊಳೆಯುತ್ತ ಮಾತು. ರೊಟ್ಟಿ ಅಗಿಯುತ್ತ ಮಾತು. ಕಪ್ಪು ಕೋಳಿ ಎಲ್ಲಿ ಮೊಟ್ಟೆ ಇಟ್ಟಿತು, ಅಗಸರ ಕತ್ತೆ ಯಾರ ಬೇಲಿಗೆ ನುಗ್ಗಿತು, ಮೋಡ ಯಾಕೆ ಕುರಿಯ ಹಾಗೆ ಕಾಣುತ್ತದೆ, ಎಲ್ಲವನ್ನೂ ಹೇಳಬೇಕು. ನಿನ್ನ ಬಾಯಿಗೊಂದು ಬಾಗಿಲು ಮಾಡಿಸಬೇಕು ಕೂಸೇ ಅನ್ನುತ್ತಿದ್ದಳು ಅಜ್ಜಿ. ಲಾಯದ ಆಳುಗಳು ಇವಳು ಬರುವುದು ಕಂಡರೆ ಏನೋ ಕೆಲಸ ನೆನಪಾದವರಂತೆ ಆ ಕಡೆ ಹೋಗಿಬಿಡುತ್ತಿದ್ದರು. ಪಾಪ, ಮಗುವಿಗೆ ಮಾತು ಬಹಳ, ಕೇಳುವ ಕಿವಿ ಕಡಿಮೆ.

ಒಂದು ದಿನ ಬೇಟೆಗಾರರು ಬಯಲಿನಿಂದ ಒಂದು ಸಿವಂಗಿಯನ್ನು ಹಿಡಿದು ತಂದರು.

ಸಿವಂಗಿಯನ್ನು ನೀವು ನೋಡಿಲ್ಲ. ಈಗ ನಮ್ಮ ಸೀಮೆಯಲ್ಲಿ ಒಂದೂ ಉಳಿದಿಲ್ಲ. ಆಗ ಇದ್ದವು. ಮೈಮೇಲೆ ಚಿರತೆಯಂತೆ ಚುಕ್ಕೆ. ಆದರೆ ಚಿರತೆಯಷ್ಟು ದಪ್ಪ ಅಲ್ಲ. ಉದ್ದ ಕಾಲು, ಸಣ್ಣ ನಡು, ಪುಟ್ಟ ತಲೆ. ಕಣ್ಣಿನಿಂದ ಬಾಯಿಯ ತನಕ ಎರಡು ಕಪ್ಪು ಗೆರೆ. ಓಡಿತೆಂದರೆ ಹುಲ್ಲೆಯೂ ಅದರಿಂದ ತಪ್ಪಿಸಿಕೊಳ್ಳಲಾರದು. ಆಗಿನ ದೊರೆಗಳು ಅದನ್ನು ಪಳಗಿಸಿ, ಕಣ್ಣು ಮುಚ್ಚುವ ಹಾಗೆ ತಲೆಗೆ ಚರ್ಮದ ಕುಲಾವಿ ಕಟ್ಟಿ, ಬಂಡಿಯ ಮೇಲೆ ಕೂರಿಸಿಕೊಂಡು ಬೇಟೆಗೆ ಹೋಗುತ್ತಿದ್ದರು. ಹುಲ್ಲೆಯ ಹಿಂಡು ಕಂಡಲ್ಲಿ ಕುಲಾವಿ ಬಿಚ್ಚಿದರೆ ಆಯಿತು.

ಆದರೆ ಹೊಸದಾಗಿ ಹಿಡಿದ ಸಿವಂಗಿಗೆ ಮನುಷ್ಯರ ದನಿ ಕೇಳಿದರೆ ಪ್ರಾಣ ಹೋದಷ್ಟು ಭಯ. ಆ ಭಯ ಬಿಡಿಸುವುದಕ್ಕೆ ಒಂದೇ ದಾರಿ. ಯಾರಾದರೂ ಹಗಲೆಲ್ಲ ಅದರ ಪಕ್ಕದಲ್ಲಿ ಕೂತು ಮಾತಾಡುತ್ತಲೇ ಇರಬೇಕು.

ದೊರೆ ಮೊದಲು ಡಂಗುರ ಸಾರುವವನನ್ನು ಕಳಿಸಿದ. ಅವನಿಗೆ ಮೆಲ್ಲಗೆ ಮಾತಾಡಿ ರೂಢಿಯಿಲ್ಲ. ಬಾಯಿ ತೆರೆದದ್ದೇ ತಡ, ಸಿವಂಗಿ ಗೋಡೆ ಹತ್ತಲು ನೋಡಿತು. ಎರಡನೆಯದಾಗಿ ಒಬ್ಬ ಹಳೆಯ ಸಿಪಾಯಿ ಹೋದ. ತಾನು ಗೆದ್ದ ಯುದ್ಧಗಳನ್ನೆಲ್ಲ ಹೇಳಿದ. ಮಧ್ಯಾಹ್ನಕ್ಕೆ ಯುದ್ಧಗಳು ಮುಗಿದವು, ಅವನು ಗೊರಕೆ ಹೊಡೆದ. ಮೂರನೆಯದಾಗಿ ಕಥೆ ಹೇಳುವ ದಾಸಯ್ಯ ಹೋದ. ಕಥೆ ಚೆನ್ನಾಗಿಯೇ ಇತ್ತು. ಆದರೆ ತಲೆದೂಗುವವರು ಯಾರೂ ಇಲ್ಲದೆ ಅವನಿಗೆ ಬೇಸರವಾಗಿ ಎದ್ದು ಬಂದ.

ಅಂದು ಸಿವಂಗಿಯ ಕೊಟ್ಟಿಗೆಗೆ ನೀರು ಹಾಕಲು ದೊಡ್ಡೀರವ್ವ ಬಂದಳು. ಜೊತೆಗೆ ಸಣ್ಣೀರಿಯೂ ಬಂದಳು. ಸಿವಂಗಿ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಮುದುಡಿಕೊಂಡಿತ್ತು. ಹುಡುಗಿ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ಅದನ್ನು ಬಹಳ ಹೊತ್ತು ನೋಡಿದಳು. ಒಂದು ಸಲ ಅದು ಕತ್ತು ತಿರುಗಿಸಿದಾಗ ಕಣ್ಣ ಕೆಳಗಿನ ಕಪ್ಪು ಗೆರೆಗಳು ಕಂಡವು.

"ಅಯ್ಯೋ, ಎಷ್ಟು ಅತ್ತಿದ್ದೀಯೇ ನೀನು? ಗೆರೆಯೇ ಬಿದ್ದುಹೋಗಿದೆಯಲ್ಲ. ನಿನ್ನ ಹೆಸರು ಕಣ್ಣೀರಿ. ನಾನು ಸಣ್ಣೀರಿ, ನೀನು ಕಣ್ಣೀರಿ. ನಾವಿಬ್ಬರೂ ಅಕ್ಕತಂಗಿ."

ಅಲ್ಲಿಂದ ಶುರುವಾಯಿತು ನೋಡಿ. ಕಪ್ಪು ಕೋಳಿ, ಅಗಸರ ಕತ್ತೆ, ಕುರಿಯ ಹಾಗಿನ ಮೋಡ, ಎಲ್ಲವೂ ಬಂದವು. ಅಜ್ಜಿ ನೀರು ಹಾಕಿ, ಕುದುರೆಗಳಿಗೂ ಹಾಕಿ, ಕೊಡ ತೊಳೆದಿಟ್ಟು ತಿರುಗಿ ಬಂದರೂ ಮಾತು ಮುಗಿದಿರಲಿಲ್ಲ. ಆ ದಾರಿಯಲ್ಲಿ ಹೋಗುತ್ತಿದ್ದ ದೊರೆ ನಿಂತು ಕೇಳಿ ನಕ್ಕುಬಿಟ್ಟ. ನಾಳೆಯಿಂದ ಈ ಹುಡುಗಿಯೇ ಬರಲಿ, ಇವಳ ಅಜ್ಜಿ ಇನ್ನು ಮೇಲೆ ಕೊಡ ಹೊರುವುದು ಬೇಡ, ಕೂತು ಉಣ್ಣಲಿ ಎಂದು ಅಪ್ಪಣೆ ಮಾಡಿದ.

ಹೀಗೆ ಆ ಕೋಟೆಯಲ್ಲಿ ಮಾತಾಡುವುದೇ ಕೆಲಸವಾದ ಹುಡುಗಿ ಅಂದರೆ ಸಣ್ಣೀರಿ ಒಬ್ಬಳೇ.

ಮೊದಮೊದಲು ಕಣ್ಣೀರಿ ಗೋಡೆ ಬಿಟ್ಟು ಈ ಕಡೆ ತಿರುಗಲಿಲ್ಲ. ಸಣ್ಣೀರಿ ಬಾಗಿಲಲ್ಲಿ ಕೂತು ಅದರ ಬೆನ್ನಿನ ಜೊತೆ ಮಾತಾಡಿದಳು. ಆಮೇಲಾಮೇಲೆ ಮುಖ ಗೋಡೆಯ ಕಡೆಗೇ ಇದ್ದರೂ ಒಂದು ಕಿವಿ ಮಾತ್ರ ಇವಳ ಕಡೆ ತಿರುಗಿತು. ಸಣ್ಣೀರಿ ಆ ಕಿವಿಯ ಜೊತೆ ಮಾತಾಡಿದಳು. ಕೊನೆಗೊಂದು ದಿನ ಅದು ಎದ್ದು ಬಂದು, ಕತ್ತಿನ ಹಗ್ಗ ಎಟುಕುವ ತನಕ ಬಂದು, ಇವಳ ಕಾಲಬುಡದಲ್ಲಿ ಮಲಗಿತು. ಅದರ ಎದೆಯೊಳಗಿಂದ ಬೀಸುಕಲ್ಲು ತಿರುಗಿದ ಹಾಗೆ ಗುರುಗುರು ಸದ್ದು ಬಂತು. ಹುಡುಗಿ ಮೊದಲು ಹೆದರಿದಳು. ಆಮೇಲೆ ಅಡುಗೆಮನೆಯ ಬೆಕ್ಕು ಒಲೆ ಮುಂದೆ ಮಲಗಿ ಹೀಗೆಯೇ ಮಾಡುತ್ತದೆ ಅನ್ನುವುದು ನೆನಪಾಯಿತು. ಮೆಲ್ಲಗೆ ಕೈ ಚಾಚಿ ಅದರ ತಲೆಯ ಮೇಲೆ ಇಟ್ಟಳು. ಕೂದಲು ಒರಟಾಗಿತ್ತು, ಬಿಸಿಲಿಗೆ ಒಣಗಿದ ಹುಲ್ಲಿನ ಹಾಗೆ.

ಅಂದು ಅವಳು ಮನೆಗೆ ಹೋಗಿ ಅಜ್ಜಿಗೆ ಹೇಳಿದ್ದು ಒಂದೇ ಮಾತು. ಅದು ಕೇಳುತ್ತದೆ ಅಜ್ಜಿ, ನಾನು ಹೇಳಿದ್ದೆಲ್ಲ ಕೇಳುತ್ತದೆ.

ಇಷ್ಟಾದರೆ ಸುಖವಾಗಿರಬೇಕಿತ್ತಲ್ಲವೇ? ಇರಲಿಲ್ಲ. ಕಣ್ಣೀರಿ ದಿನದಿಂದ ದಿನಕ್ಕೆ ಬಡವಾಗುತ್ತಿತ್ತು. ಬಂದಾಗ ಮಿರಮಿರ ಮಿಂಚುತ್ತಿದ್ದ ಮೈ ಮಂಕಾಯಿತು. ಪಕ್ಕೆಲುಬು ಎದ್ದು ಕಂಡವು. ಎದ್ದರೆ ಹಿಂಗಾಲು ನಡುಗುತ್ತಿತ್ತು.

ಅದಕ್ಕೆ ಉಣಿಸುವವನು ಬೇಟೆಮನೆಯ ಪಾರುಪತ್ತೇಗಾರ ಮಲ್ಲರಸ. ಪಾರುಪತ್ತೇಗಾರ ಅಂದರೆ ಬೇಟೆಯ ಪ್ರಾಣಿಗಳ ಯೋಗಕ್ಷೇಮವನ್ನೆಲ್ಲ ನೋಡಿಕೊಳ್ಳುವ ಅಧಿಕಾರಿ. ಬೆಳ್ಳಗಿನ ರುಮಾಲು, ಗುಂಡು ಹೊಟ್ಟೆ, ಜೇನಿನಂಥ ಮಾತು. ಅರಮನೆಯ ಮಾಂಸದ ಮನೆಯಿಂದ ಸಿವಂಗಿಗೆಂದು ದಿನವೂ ಮೇಕೆಯ ಎಳೆಯ ತೊಡೆ ಬರುತ್ತಿತ್ತು. ಸಂಜೆಯಾದೊಡನೆ ಮಲ್ಲರಸ ಸಣ್ಣೀರಿಯನ್ನು ಮನೆಗೆ ಕಳಿಸಿ ಕೊಟ್ಟಿಗೆಯ ಕದ ಹಾಕಿಕೊಳ್ಳುತ್ತಿದ್ದ. ಬೆಳಿಗ್ಗೆ ಅವಳು ಬಂದು ನೋಡಿದರೆ ನೆಲದ ಮೇಲೆ ಬರೀ ಒಣ ಮೂಳೆ.

ಅವಳು ಕೇಳದೆ ಇರಲಿಲ್ಲ. ಅದಕ್ಕೆ ಅವನು ನಗುನಗುತ್ತಲೇ ಉತ್ತರ ಕೊಟ್ಟ.

"ನಿನ್ನ ಬಾಯಿಯ ಕೆಲಸ ನೀನು ನೋಡಿಕೋ ಮಗು. ಅದರ ಬಾಯಿಯ ಕೆಲಸ ನಾನು ನೋಡಿಕೊಳ್ಳುತ್ತೇನೆ."

ಸಣ್ಣೀರಿ ತನ್ನ ಬುತ್ತಿಯ ರೊಟ್ಟಿ ಮುರಿದು ಇಟ್ಟಳು. ಕಣ್ಣೀರಿ ಮೂಸಿತು, ಬಿಟ್ಟಿತು. ಬೆಣ್ಣೆ ಸವರಿ ಇಟ್ಟಳು. ಬೆಣ್ಣೆ ನೆಕ್ಕಿತು, ರೊಟ್ಟಿ ಬಿಟ್ಟಿತು. ಬೆಣ್ಣೆಯಿಂದ ಸಿವಂಗಿಯ ಹೊಟ್ಟೆ ತುಂಬುತ್ತದೆಯೇ?

ಒಂದು ಸಂಜೆ ಅವಳು ಮನೆಗೆ ಹೋಗುವವಳಂತೆ ಹೊರಟು, ಸುತ್ತಿ ಬಂದು, ಹಿಂದಿನ ಕಿಂಡಿಯಲ್ಲಿ ಕಣ್ಣಿಟ್ಟಳು. ಮಲ್ಲರಸ ಬುಟ್ಟಿ ಇಳಿಸಿದ. ಮೇಕೆಯ ತೊಡೆಯನ್ನು ಮುತ್ತುಗದ ಎಲೆಯಲ್ಲಿ ಚೊಕ್ಕಟವಾಗಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡ. ಮನೆಯಿಂದ ತಂದಿದ್ದ ನಿನ್ನೆಯ ಮೂಳೆಗಳನ್ನು ಸಿವಂಗಿಯ ಮುಂದೆ ಸುರಿದ. ಅದು ಮೂಳೆ ಬಿಟ್ಟು ಚೀಲದ ಕಡೆ ಮೂಗು ಚಾಚಿದರೆ ಬೆತ್ತ ತೋರಿಸಿದ. ಸ್ವಲ್ಪ ಹೊತ್ತಿಗೆಲ್ಲ ಅವನ ಮನೆಯ ಕಡೆಯಿಂದ ಒಗ್ಗರಣೆಯ ವಾಸನೆ ಬೀದಿ ತುಂಬ ಹಬ್ಬಿತು.

ಸಣ್ಣೀರಿ ಓಡಿಹೋಗಿ ಅಜ್ಜಿಗೆ ಹೇಳಿದಳು. ಅವನು ದೊರೆಯ ಮಗ್ಗುಲಲ್ಲಿ ನಿಲ್ಲುವವನು, ನಾವು ಲಾಯದ ಹಿಂದೆ ಇರುವವರು, ಅವನ ಮಾತು ನಡೆಯುತ್ತದೆಯೋ ನಮ್ಮದೋ ನೀನೇ ಯೋಚಿಸು ಎಂದಳು ಅಜ್ಜಿ. ಮೊಮ್ಮಗಳ ತಲೆ ಸವರಿದಳು. ಅವಳ ಕಣ್ಣಲ್ಲಿ ನೀರಿತ್ತು.

ದೊರೆಗೂ ಸಿವಂಗಿ ಬಡವಾದದ್ದು ಕಾಣದೆ ಇರಲಿಲ್ಲ. ಮೊದಲ ಸಲ ಬಂದು ಕೇಳಿದ. ಮಲ್ಲರಸ ಕೈಮುಗಿದು, ಹೊಸದಲ್ಲವೇ ಬುದ್ಧಿ, ಕಾಡು ನೆನೆದು ಕೊರಗುತ್ತಿದೆ ಎಂದ. ದೊರೆ ನಂಬಿದ. ಎರಡನೆಯ ಸಲ ಬಂದು ಕೇಳಿದ. ಹೊಟ್ಟೆಯಲ್ಲಿ ಹುಳ ಬುದ್ಧಿ, ತಿಂದದ್ದೆಲ್ಲ ಹುಳಕ್ಕೇ ಹೋಗುತ್ತಿದೆ ಎಂದ ಮಲ್ಲರಸ. ದೊರೆ ಅದನ್ನೂ ನಂಬಿದ. ಎರಡು ಸಲವೂ ಸಣ್ಣೀರಿ ಏನೋ ಹೇಳಲು ಬಾಯಿ ತೆರೆದಳು. ಅವಳ ಮಾತು ಯಾವಾಗಲೂ ಇದ್ದದ್ದೇ ಎಂದು ದೊರೆ ನಕ್ಕು ಮುಂದೆ ಹೋದ.

ಮೂರನೆಯ ಸಲ ದೊರೆ ಬಂದದ್ದು ಸಿಟ್ಟಿನಲ್ಲಿ. ಪಕ್ಕದ ಸೀಮೆಯ ಪಾಳೆಯಗಾರ ಬೇಟೆಗೆಂದು ಅತಿಥಿಯಾಗಿ ಬರುವವನಿದ್ದ. ಅವನ ಮುಂದೆ ಈ ಎಲುಬಿನ ಗೂಡನ್ನು ಬಂಡಿ ಹತ್ತಿಸಿದರೆ ತನ್ನ ಮಾನ ಏನಾದೀತು ಎಂದು ಕೇಳಿದ. ಮಲ್ಲರಸ ದನಿ ತಗ್ಗಿಸಿ, ಇದು ಶಾಪದ ಪ್ರಾಣಿ ಬುದ್ಧಿ, ಎಷ್ಟು ಹಾಕಿದರೂ ಮೈ ಹತ್ತುವುದಿಲ್ಲ, ಚರ್ಮವನ್ನಾದರೂ ಕುದುರೆಯ ಜೀನಿಗೆ ಹೊದಿಸಿದರೆ ಅತಿಥಿಗಳ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ ಎಂದ. ಹಾಗೆಯೇ ಆಗಲಿ ಎಂದುಬಿಟ್ಟ ದೊರೆ.

ಸಣ್ಣೀರಿ ದೊರೆಯ ಕಾಲಿಗೆ ಬಿದ್ದಳು. ನಾಳೆ ಸಂಜೆಯ ತನಕ ಬಿಡಿ ಬುದ್ಧಿ, ನಾನು ಅದಕ್ಕೆ ಹೇಳುವುದು ಇನ್ನೂ ಸ್ವಲ್ಪ ಬಾಕಿ ಇದೆ ಎಂದು ಬೇಡಿಕೊಂಡಳು. ಹಲ್ಲಿಲ್ಲದ ಬಾಯಿ, ಅತ್ತು ಕೆಂಪಾದ ಮೂಗು. ದೊರೆಗೆ ಕನಿಕರವಾಯಿತು. ನಾಳೆ ಬೆಳಿಗ್ಗೆ ತಾನೇ ಇನ್ನೊಮ್ಮೆ ಬಂದು ನೋಡುವುದಾಗಿಯೂ, ಸಂಜೆಯ ತನಕ ಯಾರೂ ಅದನ್ನು ಮುಟ್ಟಬಾರದೆಂದೂ ಹೇಳಿ ಹೋದ.

ಅಂದು ಸಣ್ಣೀರಿ ಕಣ್ಣೀರಿಯ ಕತ್ತಿಗೆ ತಲೆ ಆನಿಸಿ ಕೂತು ಯೋಚನೆ ಮಾಡಿದಳು. ಯೋಚನೆ ಮಾಡುತ್ತ ಮಾಡುತ್ತ ಅವಳಿಗೆ ತನ್ನದೇ ಒಂದು ಸಂಗತಿ ನೆನಪಾಯಿತು. ಅವಳು ಇನ್ನೂ ಚಿಕ್ಕವಳಿದ್ದಾಗ ಗಡಿಗೆಯಿಂದ ಬೆಲ್ಲ ಕದ್ದು ತಿಂದಿದ್ದಳು. ಬೆಲ್ಲ ಕದ್ದವರ ನಾಲಗೆ ನೀಲಿಯಾಗುತ್ತದೆ ಎಂದಿದ್ದಳು ಅಜ್ಜಿ. ಕದ್ದವರು ಯಾರು ಅಂತ ಕೇಳಿರಲಿಲ್ಲ. ಆದರೆ ಅಂದು ಹಗಲೆಲ್ಲ ನಾಲಗೆ ಹೊರಗೆ ಚಾಚಿ ಚಾಚಿ ನೋಡಿಕೊಂಡವಳು ಇವಳೊಬ್ಬಳೇ. ಅಜ್ಜಿಗೆ ಮತ್ತೆ ಕೇಳುವ ಅಗತ್ಯವೇ ಬೀಳಲಿಲ್ಲ.

ಸಂಜೆ ಮಲ್ಲರಸ ಎಂದಿನಂತೆ ಬಂದ. ಎಂದಿನಂತೆ ಸಣ್ಣೀರಿಯನ್ನು ಮನೆಗೆ ಕಳಿಸಿದ. ಅವಳು ಒಂದು ಮಾತೂ ಆಡದೆ ಹೋದಳು. ಎಂದಿನಂತೆ ಒಗ್ಗರಣೆಯ ವಾಸನೆ ಬೀದಿ ತುಂಬ ಹಬ್ಬಿತು.

ಬೆಳಿಗ್ಗೆ ದೊರೆ ಬಂದ. ಜೊತೆಗೆ ಮಲ್ಲರಸ, ನಾಲ್ಕಾರು ಮಂದಿ ಪರಿವಾರ. ಸಣ್ಣೀರಿ ನಗುನಗುತ್ತ ಎದುರು ನಿಂತಳು.

"ಬುದ್ಧಿ, ಇನ್ನು ಚಿಂತೆಯಿಲ್ಲ. ನಿನ್ನೆ ನಮ್ಮಜ್ಜಿ ಮಾಂಸದ ಮನೆಗೆ ಹೋಗಿ ಕಣ್ಣೀರಿಯ ಪಾಲಿಗೆ ಮದ್ದು ಸವರಿ ಬಂದಿದ್ದಾಳೆ. ಚುಕ್ಕೆ ಇರುವ ಪ್ರಾಣಿ ತಿಂದರೆ ಆನೆಯ ಬಲ ಬರುತ್ತದಂತೆ."

ದೊರೆಗೆ ಸಂತೋಷವಾಯಿತು. ಮದ್ದಿಗೆ ಪಥ್ಯ ಏನಾದರೂ ಉಂಟೋ ಎಂದು ಕೇಳಿದ.

"ಪಥ್ಯ ಏನಿಲ್ಲ ಬುದ್ಧಿ. ಮನುಷ್ಯರು ಮಾತ್ರ ತಿನ್ನಬಾರದು. ಚುಕ್ಕೆ ಇಲ್ಲದವರು ತಿಂದರೆ ಅವರಿಗೇ ಚುಕ್ಕೆ ಏಳುತ್ತವಂತೆ. ಮೊದಲು ಕತ್ತು ತುರಿಸುತ್ತದೆ. ಆಮೇಲೆ ಹೊಟ್ಟೆ. ಹೊತ್ತು ಮುಳುಗುವುದರೊಳಗೆ ಮೈಯೆಲ್ಲ ಚುಕ್ಕೆ, ಹಿಂದುಗಡೆ ಬಾಲ. ಆದರೆ ಕಣ್ಣೀರಿಯ ಪಾಲನ್ನು ಬೇರೆ ಯಾರು ತಿಂದಾರು, ಅಲ್ಲವೇ ಬುದ್ಧಿ?"

ಯಾರು ತಿಂದಾರು ಎಂದು ದೊರೆಯೂ ನಕ್ಕ. ಪರಿವಾರದವರೂ ನಕ್ಕರು. ಮಲ್ಲರಸನೂ ನಗಲು ನೋಡಿದ. ಆದರೆ ನಗುತ್ತಿರುವಾಗಲೇ ಅವನ ಕೈ ತಾನೇ ತಾನಾಗಿ ಕತ್ತಿಗೆ ಹೋಯಿತು. ಒಂದು ಸಲ ತುರಿಸಿದ. ಇನ್ನೊಂದು ಸಲ ತುರಿಸಿದ. ರುಮಾಲಿನ ತುದಿಯಿಂದ ಉಜ್ಜಿಕೊಂಡ. ಆಮೇಲೆ ಕೈ ಹೊಟ್ಟೆಗೆ ಇಳಿಯಿತು. ಮೈ ಸರಿಯಿಲ್ಲ ಬುದ್ಧಿ ಎಂದು ಅಪ್ಪಣೆ ಪಡೆದು, ಮೊದಲು ಮೆಲ್ಲಗೆ, ಮೂಲೆ ತಿರುಗಿದ ಮೇಲೆ ಓಡಿಯೇ ಹೋದ.

ದೊರೆ ಹೋಗುವವನನ್ನು ನೋಡಿದ. ಆಮೇಲೆ ಸಣ್ಣೀರಿಯನ್ನು ನೋಡಿದ. ಪಕ್ಕದಲ್ಲಿ ನಿಂತು ಏನಾದರೂ ಹೇಳುತ್ತಿದ್ದ ಮಲ್ಲರಸ ಆಗ ಇರಲಿಲ್ಲ. ಅದಕ್ಕೇ ಇರಬೇಕು, ಆ ದೊರೆ ಅಂದು ತಾನೇ ಯೋಚಿಸಿದ. ಪರಿವಾರದವರನ್ನೆಲ್ಲ ಕಳಿಸಿ, ಕೊಟ್ಟಿಗೆಯ ಹಿಂದಿನ ಹುಲ್ಲುಬಣವೆಯ ಮರೆಯಲ್ಲಿ ಕಲ್ಲಿನ ಮೇಲೆ ಕೂತುಕೊಂಡ. ಊಟಕ್ಕೂ ಏಳಲಿಲ್ಲ.

ಅತ್ತ ಮಲ್ಲರಸನ ಮನೆಯಲ್ಲಿ ಏನಾಯಿತು ಗೊತ್ತೇ? ಅವನು ಒಂದು ಹಂಡೆ ನೀರು ಸುರಿದುಕೊಂಡ. ತುರಿಕೆ ಹೋಗಲಿಲ್ಲ. ಸೀಗೆಪುಡಿ ಹಾಕಿ ತಿಕ್ಕಿಕೊಂಡ. ತಿಕ್ಕಿದಲ್ಲೆಲ್ಲ ಕೆಂಪು ಕೆಂಪು ಬೊಟ್ಟು ಎದ್ದವು. ಹಿತ್ತಾಳೆ ತಟ್ಟೆ ಹಿಡಿದು ಕತ್ತು ನೋಡಿಕೊಂಡ. ಚುಕ್ಕೆಯೇ ಅನ್ನಿಸಿತು. ಹೆಂಡತಿ ಏನೆಂದು ಕೇಳಿದರೆ ಹೇಳಲಾರ. ಅವಳೂ ಉಂಡಿದ್ದಳಲ್ಲ, ಮಕ್ಕಳೂ ಉಂಡಿದ್ದವಲ್ಲ. ಮಕ್ಕಳನ್ನು ಕರೆದು ಒಬ್ಬೊಬ್ಬರ ಬೆನ್ನ ಕೆಳಗೆ ಕೈಯಾಡಿಸಿ ಬಾಲ ಬಂದಿದೆಯೋ ಎಂದು ನೋಡಿದ. ಮಕ್ಕಳು ಕಚಗುಳಿಯೆಂದು ನಕ್ಕವು. ಅವನಿಗೆ ಅಳು ಬಂತು.

ಹೊತ್ತು ಪಡುವಣಕ್ಕೆ ವಾಲಿತು. ಮಲ್ಲರಸ ರುಮಾಲನ್ನು ಕಿವಿ ಮುಚ್ಚುವ ತನಕ ಎಳೆದು ಸುತ್ತಿಕೊಂಡು ಕೊಟ್ಟಿಗೆಗೆ ಬಂದ. ಸಣ್ಣೀರಿ ಕಣ್ಣೀರಿಯ ಪಕ್ಕದಲ್ಲಿ ಕೂತಿದ್ದಳು. ಅವನು ಆ ಕಡೆ ನೋಡಿದ, ಈ ಕಡೆ ನೋಡಿದ, ಹುಡುಗಿಯ ಮುಂದೆ ಮಂಡಿಯೂರಿ ಕೂತ. ನಿಮ್ಮಜ್ಜಿಯ ಹತ್ತಿರ ಆ ಮದ್ದಿಗೆ ಪ್ರತಿಮದ್ದು ಇದ್ದರೆ ಕೊಡಿಸು ತಾಯಿ ಎಂದು ಕೇಳಿದ.

ಯಾರಿಗೆ ಬೇಕು ಎಂದು ಕೇಳಿದಳು ಸಣ್ಣೀರಿ. ಯಾರೋ ನೆಂಟರಿಗೆ ಎಂದ. ಹಾಗಾದರೆ ನೆಂಟರೇ ಬರಬೇಕು ಎಂದಳು. ಇಲ್ಲ, ತನಗೇ ಎಂದ.

"ಕೊಡಬಹುದು ಮಲ್ಲರಸಯ್ಯನೋರೇ. ಆದರೆ ಅಳತೆ ಸರಿಯಾಗಿ ಇರಬೇಕಂತೆ. ನಿನ್ನೆ ಒಂದು ದಿನ ತಿಂದವರಿಗೆ ಒಂದು ಚಿಟಿಕೆ. ದಿನಾ ತಿಂದವರಿಗೆ ಒಂದು ಹಿಡಿ. ಸುಳ್ಳು ಹೇಳಿ ಕಡಿಮೆ ತಗೊಂಡರೆ ಚುಕ್ಕೆ ಹೋಗುತ್ತದೆ, ಬಾಲ ಉಳಿಯುತ್ತದೆ."

ಮಲ್ಲರಸ ತಲೆ ತಗ್ಗಿಸಿದ. ಸೂರ್ಯನ ಕಡೆ ಒಂದು ಸಲ ನೋಡಿದ. ಸೂರ್ಯ ಕೋಟೆಗೋಡೆಯ ಮೇಲೆ ಒಂದು ಗೇಣು ಮಾತ್ರ ಉಳಿದಿದ್ದ.

"ಹಿಡಿಯಷ್ಟೇ ಕೊಡು ತಾಯಿ. ಇದು ಬಂದ ದಿನದಿಂದ ಇದರ ಪಾಲು ನಾವೇ ತಿಂದಿದ್ದೇವೆ. ಇದಕ್ಕೆ ಒಂದು ತುಣುಕೂ ಹಾಕಿಲ್ಲ."

ಬಣವೆಯ ಮರೆಯಿಂದ ದೊರೆ ಎದ್ದು ಬಂದ. ಮಲ್ಲರಸ ಎದ್ದು ನಿಲ್ಲಲೂ ಆಗದೆ, ಕೂತಿರಲೂ ಆಗದೆ ನೆಲಕ್ಕೆ ಹಣೆ ಹಚ್ಚಿದ.

ಸಣ್ಣೀರಿ ಆಗ ನಿಜ ಹೇಳಿದಳು. ಮದ್ದೂ ಇಲ್ಲ, ಪ್ರತಿಮದ್ದೂ ಇಲ್ಲ. ಅಜ್ಜಿಗೆ ಮಂಡಿನೋವು, ಅವಳು ಮಾಂಸದ ಮನೆಯ ಕಡೆ ಕಾಲೇ ಇಟ್ಟಿಲ್ಲ. ತುರಿಕೆ ಅವರದೇ. ನಾನು ಸುಳ್ಳು ಹೇಳಿದೆ ಬುದ್ಧಿ, ಬೇರೆ ದಾರಿ ಕಾಣಲಿಲ್ಲ, ಶಿಕ್ಷೆ ಕೊಡುವುದಾದರೆ ನನಗೆ ಕೊಡಿ, ಕಣ್ಣೀರಿಗೆ ಬೇಡ ಎಂದಳು.

ದೊರೆ ಸಿವಂಗಿಯ ಪಕ್ಕದಲ್ಲಿ ಕೂತು ಅದರ ಪಕ್ಕೆಲುಬಿನ ಮೇಲೆ ಕೈ ಇಟ್ಟು ನೋಡಿದ.

"ಮೂರು ಸಲ ಬಂದೆ. ಮೂರು ಸಲವೂ ಉಣಿಸುವವನನ್ನು ಕೇಳಿದೆ. ಹಸಿದವರನ್ನು ಒಂದು ಸಲವೂ ಕೇಳಲಿಲ್ಲ. ಶಿಕ್ಷೆ ಆಗಬೇಕಾದದ್ದು ನನಗೆ ಮಗಳೇ."

ಮಲ್ಲರಸನಿಗೆ ದೊರೆ ಬೆತ್ತ ತೋರಿಸಲಿಲ್ಲ. ಪಾರುಪತ್ಯ ತೆಗೆದ. ಕೋಟೆ ಬಾಗಿಲಿನ ಛತ್ರದಲ್ಲಿ ದಾರಿಹೋಕರಿಗೆ ಬಡಿಸುವ ಕೆಲಸ ಕೊಟ್ಟ. ಕಟ್ಟಳೆ ಒಂದೇ. ಬಂದವರೆಲ್ಲ ಉಂಡು, ಕೈ ತೊಳೆದು, ಸಾಕು ಅಂದ ಮೇಲೆ ಉಳಿದದ್ದನ್ನು ಅವನು ಉಣ್ಣಬೇಕು. ಮೊದಲು ಅವನಿಗೆ ಬಹಳ ಕಷ್ಟವಾಯಿತು. ಹಸಿವು ಅಂದರೆ ಏನೆಂದು ಗೊತ್ತಾಯಿತು. ಗೊತ್ತಾದ ಮೇಲೆ ಬಡಿಸುವ ಕೈ ತಾನಾಗಿ ಧಾರಾಳವಾಯಿತು ಅನ್ನುತ್ತಾರೆ.

ಅತಿಥಿ ಪಾಳೆಯಗಾರ ಬಂದ, ಸಿವಂಗಿಯಿಲ್ಲದೆಯೇ ಬೇಟೆಯಾಡಿ ಹೋದ. ಯಾರ ಮಾನವೂ ಹೋಗಲಿಲ್ಲ. ಕಣ್ಣೀರಿಗೆ ದಿನವೂ ಅದರ ಪಾಲು ಬಂತು. ಈ ಸಲ ದೊರೆಯೇ ನಿಂತು ಹಾಕಿಸಿದ. ಪಕ್ಕೆಲುಬು ಮುಚ್ಚಿತು. ಚುಕ್ಕೆಗಳು ಮತ್ತೆ ಮಿಂಚಿದವು. ಎದ್ದರೆ ಕಾಲು ನಡುಗಲಿಲ್ಲ. ಸಣ್ಣೀರಿಯ ಜಡೆಯ ತುದಿ ಹಿಡಿದು ಎಳೆದಾಡುವಷ್ಟು ಆಟ ಬಂತು.

ಆಗ ದೊರೆ ಸಣ್ಣೀರಿಯನ್ನು ಕರೆದು, ಏನು ಬೇಕೋ ಕೇಳು ಎಂದ. ಅವಳು ಕಣ್ಣೀರಿಯನ್ನು ಬಿಟ್ಟುಬಿಡಿ ಎಂದಳು.

ದೊರೆಗೆ ಅಚ್ಚರಿಯಾಯಿತು. ಇಷ್ಟು ಪ್ರೀತಿಸುವವಳು ಹೀಗೆ ಕೇಳುತ್ತಾಳೆಂದು ಅವನು ಅಂದುಕೊಂಡಿರಲಿಲ್ಲ. ಇಲ್ಲೇ ಇದ್ದರೆ ದಿನವೂ ಜೊತೆಗಿರುತ್ತದೆ, ಬಿಟ್ಟರೆ ಮತ್ತೆ ಕಣ್ಣಿಗೆ ಬೀಳುವುದಿಲ್ಲ, ಯೋಚನೆ ಮಾಡು ಎಂದು ಬುದ್ಧಿ ಹೇಳಿದ.

"ಮಾಡಿದ್ದೇನೆ ಬುದ್ಧಿ. ಮಲಗಿದಾಗ ಅದರ ಕಾಲು ನಾಲ್ಕೂ ಓಡುತ್ತಿರುತ್ತವೆ. ಎಚ್ಚರವಾದಾಗ ಎದ್ದು ಗೋಡೆ ನೋಡುತ್ತದೆ. ನಾನು ಎಷ್ಟು ಮಾತಾಡಿದರೂ ಆಗ ಅದರ ಕಿವಿಗೆ ಬೀಳುವುದಿಲ್ಲ."

ದೊರೆ ಬಂಡಿ ಕಟ್ಟಿಸಿದ.

ಮರುದಿನ ಬೆಳಿಗ್ಗೆ ಬಂಡಿ ಹುಲ್ಲುಬಯಲಿನ ನಡುವೆ ನಿಂತಿತು. ದೊರೆ ಇದ್ದ, ಮಂಡಿನೋವಿನ ಅಜ್ಜಿಯೂ ಇದ್ದಳು. ಸಣ್ಣೀರಿ ತನ್ನ ಕೈಯಿಂದಲೇ ಕುಲಾವಿ ಬಿಚ್ಚಿದಳು, ಕತ್ತಿನ ಹಗ್ಗ ಬಿಚ್ಚಿದಳು. ಕಣ್ಣೀರಿ ಕೆಳಗೆ ನೆಗೆಯಿತು. ಗಾಳಿ ಮೂಸಿತು. ತಿರುಗಿ ಬಂದು ಬಂಡಿಯ ಗಾಲಿಯ ಪಕ್ಕ ಕೂತಿತು.

ಹೋಗೇ, ನೋಡು ಎಷ್ಟು ಹುಲ್ಲು, ಎಷ್ಟು ಜಾಗ, ಓಡಬಹುದು ನೀನು ಎಂದು ಸಣ್ಣೀರಿ ಹೇಳಿದಳು. ಅವಳು ಹೇಳಿದಷ್ಟೂ ಅದು ಕಿವಿ ಇವಳ ಕಡೆಗೇ ತಿರುಗಿಸಿಕೊಂಡು ಕೂತಿತು. ಅವಳು ಕಪ್ಪು ಕೋಳಿಯ ಮೇಲೆ ಆಣೆ ಇಟ್ಟು ಹೇಳಿದಳು. ಅದು ಗುರುಗುರು ಅಂದಿತು. ಅವಳು ಅಳುತ್ತ ಬೈದಳು. ಅದು ಬಂದು ಅವಳ ಕೈ ನೆಕ್ಕಿತು.

ಆಗ ಸಣ್ಣೀರಿಗೆ ಅರ್ಥವಾಯಿತು. ತನ್ನ ಮಾತು ಇರುವ ತನಕ ಅದು ಹೋಗುವುದಿಲ್ಲ. ಯಾವ ಹಗ್ಗವೂ ಇಲ್ಲದೆ ಅದು ಕಟ್ಟುಬಿದ್ದಿರುವುದು ಆ ಮಾತಿಗೇ.

ಅವಳು ಬಾಯಿ ಮುಚ್ಚಿಕೊಂಡಳು. ಎರಡೂ ಕೈಗಳಿಂದ ಮುಚ್ಚಿಕೊಂಡಳು. ಹುಟ್ಟಿದಾಗಿನಿಂದ ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದೇ ಇಲ್ಲ. ಹೇಳಬೇಕಾದ ಮಾತುಗಳೆಲ್ಲ ಎದೆಯೊಳಗೆ ತುಂಬಿ, ಕಣ್ಣಿನಿಂದ ಇಳಿದವು. ಆದರೂ ತುಟಿ ಬಿಚ್ಚಲಿಲ್ಲ. ಅಜ್ಜಿ ಹಿಂದಿನಿಂದ ಅವಳನ್ನು ಅಪ್ಪಿ ಹಿಡಿದಿದ್ದಳು.

ಬಯಲು ಸದ್ದಿಲ್ಲದೆ ಇತ್ತು. ಕಣ್ಣೀರಿ ಸ್ವಲ್ಪ ಹೊತ್ತು ಕಾಯಿತು. ಆಮೇಲೆ ದೂರದಲ್ಲಿ ಹುಲ್ಲು ಅಲುಗಿದ ಸದ್ದು ಅದಕ್ಕೆ ಕೇಳಿಸಿತು. ಕಿವಿ ಆ ಕಡೆ ತಿರುಗಿತು. ಎದ್ದಿತು. ನಾಲ್ಕು ಹೆಜ್ಜೆ ನಡೆಯಿತು. ಮೈ ಉದ್ದ ಮಾಡಿತು. ಮತ್ತೆ ಅವರು ಕಂಡದ್ದು ಹುಲ್ಲಿನ ಮೇಲೆ ಒಂದು ಗೆರೆ ಮಾತ್ರ, ಬೆಂಕಿ ಹತ್ತಿಕೊಂಡು ಹೋದ ಹಾಗೆ. ಅಷ್ಟು ಚೆಂದದ ಓಟವನ್ನು ಆ ದೊರೆ ಯಾವ ಬೇಟೆಯಲ್ಲೂ ನೋಡಿರಲಿಲ್ಲವಂತೆ.

ಕೋಟೆಗೆ ತಿರುಗಿ ಬರುವಾಗ ಅರ್ಧ ದಾರಿಯ ತನಕ ಸಣ್ಣೀರಿ ಮಾತಾಡಲಿಲ್ಲ. ಆಮೇಲೆ ದೊರೆಯೇ ಮೆಲ್ಲಗೆ, ನಿಮ್ಮ ಮನೆಯ ಕಪ್ಪು ಕೋಳಿ ಈಗ ಎಲ್ಲಿ ಮೊಟ್ಟೆ ಇಡುತ್ತಿದೆ ಮಗಳೇ ಎಂದು ಕೇಳಿದ. ಅವಳು ಮೂಗು ಒರೆಸಿಕೊಂಡು ಹೇಳತೊಡಗಿದಳು. ದೊರೆ ಕೋಟೆ ಬಾಗಿಲು ಬರುವ ತನಕ ಕೇಳಿದ, ಎಲ್ಲವನ್ನೂ ಕೇಳಿದ. ಆ ಸೀಮೆಯಲ್ಲಿ ಅಲ್ಲಿಂದ ಮುಂದೆ ಸಿವಂಗಿಯನ್ನು ಯಾರೂ ಹಿಡಿಯಕೂಡದೆಂದು ಕಟ್ಟಳೆಯಾಯಿತು.

ಇದರಿಂದ ತಿಳಿಯಬೇಕಾದದ್ದು ಇಷ್ಟು ಮಕ್ಕಳೇ. ಮಾತು ಬಾರದ ಜೀವದ ಅನ್ನವನ್ನು ಕದ್ದು ತಿಂದವನಿಗೆ ಅದು ದಕ್ಕುವುದಿಲ್ಲ. ಅವನ ತಪ್ಪನ್ನು ಅವನ ಮೈಯೇ ಹೇಳಿಬಿಡುತ್ತದೆ. ಮತ್ತೆ, ಒಂದು ಪ್ರಾಣಿಯ ಮೇಲೆ ನಿಜವಾಗಿ ಪ್ರೀತಿ ಇದ್ದರೆ ಅದು ನಮ್ಮ ಹತ್ತಿರ ಇರಲಿ ಅನ್ನುವುದಕ್ಕಿಂತ ಅದು ಸುಖವಾಗಿರಲಿ ಅನ್ನಬೇಕು. ನನಗೆ ತಿಳಿದದ್ದನ್ನು ನಾನು ಹೇಳಿದೆ. ನೀವು ಎದ್ದು ಹೋಗುವಾಗ ಆ ಬಾಗಿಲಲ್ಲಿ ಮಲಗಿರುವ ನಾಯಿಮರಿಯನ್ನು ತುಳಿಯದೆ ಹೋಗಿ.